ವಾರ್ಡಿನ ಗೆರೆ ಯಾರ ಕೈಯಲ್ಲಿರಬೇಕು?

ಬೆಂಗಳೂರಿನ ವೈಯಾಲಿಕಾವಲಿನಲ್ಲೋ ಮಲ್ಲೇಶ್ವರದಲ್ಲೋ 1997ರ ನಡುವೆ ಹುಟ್ಟಿ, ಅಲ್ಲೇ ಬೆಳೆದವರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. ಅವರು 2018ರಲ್ಲಿ ಮತ್ತು 2023ರಲ್ಲಿ ವಿಧಾನಸಭೆಗೆ, 2019ರಲ್ಲಿ ಮತ್ತು 2024ರಲ್ಲಿ ಲೋಕಸಭೆಗೆ ಮತ ಹಾಕಿದ್ದಾರೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) 2015ರ ಆಗಸ್ಟ್ 22ರಂದು ಮತದಾನ ನಡೆದಾಗ ಅವರ ಹೆಸರು ಮತದಾರರ ಪಟ್ಟಿ ಸೇರುವ ವಯಸ್ಸಾಗಿರಲಿಲ್ಲ. ಅದಾದ ಮೇಲೆ 2025 ಮುಗಿಯುವವರೆಗೂ ಪಾಲಿಕೆಗೆ ಮತದಾನವೇ ನಡೆಯಲಿಲ್ಲ. ಇಪ್ಪತ್ತೆಂಟು ತುಂಬಿದರೂ ತಮ್ಮ ಬೀದಿಯ ಕಾರ್ಪೊರೇಟರ್ ಯಾರಾಗಬೇಕೆಂದು ಹೇಳುವ ಅವಕಾಶ ಅವರಿಗೆ ಒಂದು ಸಲವೂ ಸಿಕ್ಕಿರಲಿಲ್ಲ. ದೇಶದ ಪ್ರಧಾನಿ ಯಾರೆಂದು ತೀರ್ಮಾನಿಸುವುದರಲ್ಲಿ ಪಾಲು ಪಡೆದವರಿಗೆ ಮನೆ ಮುಂದಿನ ಚರಂಡಿಯ ಹೂಳು ಯಾವಾಗ ತೆಗೆಯಬೇಕೆಂಬುದರಲ್ಲಿ ಪಾಲಿರಲಿಲ್ಲ. ಇದನ್ನು ವಿಳಂಬ ಎಂದಷ್ಟೇ ಕರೆದು ಸುಮ್ಮನಾಗುವುದು ನಮ್ಮ ರೂಢಿ. ಆದರೆ ನಡೆದದ್ದನ್ನು ಕ್ರಮವಾಗಿ ನೋಡಿದರೆ ಇದರ ಮೂಲ ಕಾನೂನಿನಲ್ಲೇ ಇದೆ ಎಂಬುದು ಸ್ಪಷ್ಟವಾಗುತ್ತದೆ. ವಾರ್ಡಿನ ಗೆರೆ ಎಳೆಯುವ ಮತ್ತು ಮೀಸಲಾತಿ ಪಟ್ಟಿ ಬರೆಯುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲಿ ಇರುವವರೆಗೂ ಸ್ಥಳೀಯ ಚುನಾವಣೆಯ ದಿನಾಂಕವೂ ಅದೇ ಕೈಯಲ್ಲಿರುತ್ತದೆ.

ಕಳೆದ ಪಾಲಿಕೆಯ ಐದು ವರ್ಷದ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಗ ಇದ್ದದ್ದು 198 ವಾರ್ಡುಗಳು. ಅವಧಿ ಮುಗಿದ ಮರುತಿಂಗಳಲ್ಲೇ ವಾರ್ಡುಗಳ ಸಂಖ್ಯೆಯನ್ನು 243ಕ್ಕೆ ಏರಿಸಲು ಕಾನೂನಿಗೆ ತಿದ್ದುಪಡಿ ಬಂತು. ಚುನಾವಣೆ ನಡೆಸಲು ಸರ್ಕಾರ ಸಹಕರಿಸುತ್ತಿಲ್ಲವೆಂದು ರಾಜ್ಯ ಚುನಾವಣಾ ಆಯೋಗವೇ ಹೈಕೋರ್ಟಿನ ಕದ ತಟ್ಟಬೇಕಾಯಿತು. ಅದೇ ವರ್ಷದ ಡಿಸೆಂಬರ್ 4ರಂದು ಹೈಕೋರ್ಟ್, ಹೊಸ ತಿದ್ದುಪಡಿ ಈ ಚುನಾವಣೆಗೆ ಅನ್ವಯಿಸದು, 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದಿತು. ಸರ್ಕಾರ ದೆಹಲಿಗೆ ಹೋಯಿತು. ಎರಡೇ ವಾರದಲ್ಲಿ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಎಂಟು ವಾರದಲ್ಲಿ ಮರುವಿಂಗಡಣೆ ಮತ್ತು ಮೀಸಲಾತಿ ಮುಗಿಸಿ ಎಂದು ಗಡುವು ಕೊಟ್ಟಿತು. 243 ವಾರ್ಡುಗಳ ಅಧಿಸೂಚನೆ ಹೊರಬಿತ್ತು. ಆದರೆ ಆಗಸ್ಟಿನಲ್ಲಿ ಬಂದ ಮೀಸಲಾತಿ ಪಟ್ಟಿಯನ್ನು ಸೆಪ್ಟೆಂಬರ್ 30ರಂದು ಹೈಕೋರ್ಟ್ ರದ್ದುಪಡಿಸಿ, ಡಿಸೆಂಬರ್ ಕೊನೆಯೊಳಗೆ ಚುನಾವಣೆ ಮುಗಿಸಲು ಹೇಳಿತು. ಅದೂ ಆಗಲಿಲ್ಲ. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಸೆಪ್ಟೆಂಬರಿನಲ್ಲಿ 243ನ್ನು 225ಕ್ಕೆ ಇಳಿಸಿತು. ಅದಕ್ಕೂ ಚುನಾವಣೆ ನಡೆಯಲಿಲ್ಲ. ಆಮೇಲೆ ಬಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಯಾಗಿ, ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಹುಟ್ಟಿದವು. ನವೆಂಬರಿನಲ್ಲಿ 369 ವಾರ್ಡುಗಳು ಅಂತಿಮವಾದವು. ಒಂದೇ ಒಂದು ಮತ ಬೀಳದೆ ನಗರದ ನಕ್ಷೆ ಮೂರು ಸಲ ಬದಲಾಯಿತು.

ಈ ವೃತ್ತಾಂತದಲ್ಲಿ ಗಮನಿಸಬೇಕಾದ ಸಂಗತಿ ಎಂದರೆ ಇಲ್ಲಿ ತಪ್ಪಿತಸ್ಥ ಪಕ್ಷವೊಂದನ್ನು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. 2020ರಿಂದ 2023ರವರೆಗೆ ಅಧಿಕಾರದಲ್ಲಿದ್ದದ್ದು ಬಿಜೆಪಿ, ಅನಂತರ ಕಾಂಗ್ರೆಸ್. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆಗೆ ಒತ್ತಾಯಿಸಿದವರು ಅಧಿಕಾರಕ್ಕೆ ಬಂದ ಮೇಲೆ ಹೊಸ ನಕ್ಷೆ ಹರಡಿಕೊಂಡು ಕೂತರು. ನಕ್ಷೆ ಹರಡಿ ಕೂತಿದ್ದವರು ವಿರೋಧ ಪಕ್ಷಕ್ಕೆ ಹೋದ ಮೇಲೆ ಚುನಾವಣೆಗೆ ಒತ್ತಾಯಿಸಿದರು. ಇದಕ್ಕೆ ಹಿಂದೆಯೂ ಇದೇ ಕಥೆ. ಹಳೆಯ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2006ರಲ್ಲಿ ಮುಗಿದಿತ್ತು. ಮರುವರ್ಷ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಮಾಡಲಾಯಿತು. ಅದಕ್ಕೆ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು, ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. 2015ರಲ್ಲಿ ಅವಧಿ ಮುಗಿಯುವ ಹೊಸ್ತಿಲಲ್ಲಿ ಪಾಲಿಕೆಯನ್ನು ವಿಸರ್ಜಿಸಿ ಆಡಳಿತಾಧಿಕಾರಿಯನ್ನು ಕೂರಿಸಲಾಯಿತು. ಆಗಸ್ಟಿನ ಮತದಾನ ನಡೆದದ್ದು ನ್ಯಾಯಾಲಯಗಳ ಒತ್ತಡದಿಂದ. ಮೂರೂ ಸಲ ಸರ್ಕಾರಗಳು ಬೇರೆ, ನೆಪಗಳು ಬೇರೆ, ಫಲ ಮಾತ್ರ ಒಂದೇ. ಹೀಗಿರುವಾಗ ದೋಷ ವ್ಯಕ್ತಿಗಳಲ್ಲಿದೆ ಎನ್ನುವುದಕ್ಕಿಂತ ವ್ಯವಸ್ಥೆಯಲ್ಲಿದೆ ಎನ್ನುವುದೇ ಸರಿ.

ಸಂವಿಧಾನದ ಮಾತಂತೂ ಗೊಂದಲಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ 243-ಯು ವಿಧಿ ನಗರಾಡಳಿತ ಸಂಸ್ಥೆಗೆ ಐದು ವರ್ಷವೇ ಆಯಸ್ಸು, ಅದು ಮುಗಿಯುವುದರೊಳಗೆ ಮುಂದಿನ ಚುನಾವಣೆ ಪೂರ್ಣಗೊಳ್ಳಬೇಕು ಎನ್ನುತ್ತದೆ. ಮಧ್ಯೆ ವಿಸರ್ಜಿಸಿದರೂ ಆರು ತಿಂಗಳು ಮೀರುವಂತಿಲ್ಲ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಗಡುವು ಕಡ್ಡಾಯವೆಂದು ಹೇಳಿತು, ಸರ್ಕಾರ ಸಹಕರಿಸದಿದ್ದರೆ ಚುನಾವಣಾ ಆಯೋಗ ನ್ಯಾಯಾಲಯಕ್ಕೆ ಬರಬೇಕೆಂದೂ ಹೇಳಿತು. 2022ರ ಮೇ 10ರಂದು ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಮರುವಿಂಗಡಣೆ ನಡೆಯುತ್ತಿದೆ ಎಂಬುದು ಚುನಾವಣೆ ಮುಂದೂಡಲು ಕಾರಣವಾಗದು, ಇರುವ ವಾರ್ಡುಗಳಿಗೇ ನಡೆಸಬೇಕು ಎಂದು ಅದೇ ನ್ಯಾಯಾಲಯ ಮತ್ತೆ ಹೇಳಿತು. ಇಷ್ಟಾದರೂ ಬೆಂಗಳೂರಿನಲ್ಲಿ ಐದು ವರ್ಷ ಕಳೆದುಹೋಯಿತು. ಏಕೆಂದರೆ ಸಂವಿಧಾನವು ಆಯೋಗಕ್ಕೆ ಚುನಾವಣೆ ನಡೆಸುವ ಹೊಣೆ ಕೊಟ್ಟಿದೆ, ಆದರೆ ವಾರ್ಡು ಯಾವುದು, ಯಾವ ವಾರ್ಡು ಯಾರಿಗೆ ಮೀಸಲು ಎಂದು ಹೇಳುವ ಕಾಗದ ವಿಧಾನಸೌಧದಿಂದ ಬರಬೇಕು. ಆ ಕಾಗದ ಬರುವವರೆಗೆ ಆಯೋಗ ಕೈಕಟ್ಟಿ ಕೂರಬೇಕು, ಇಲ್ಲವೇ ವಕೀಲರನ್ನು ಹಿಡಿಯಬೇಕು.

ಕಾರ್ಪೊರೇಟರ್ ಇಲ್ಲದೆ ನಗರವೇನೂ ನಿಂತುಹೋಗಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಂತುಹೋಗಲಿಲ್ಲ, ನಿಜ. ಆದರೆ ಹೇಗೆ ನಡೆಯಿತು ಎಂಬುದನ್ನು ನೋಡಬೇಕು. 2021ರಿಂದ 2025ರವರೆಗೆ ಸತತ ಐದು ಬಜೆಟ್‌ಗಳು ಚುನಾಯಿತ ಸದಸ್ಯನೊಬ್ಬನ ಪ್ರಶ್ನೆಯನ್ನೂ ಎದುರಿಸದೆ ಪಾಸಾದವು. ಕೊನೆಯದರ ಗಾತ್ರ ಸುಮಾರು 20 ಸಾವಿರ ಕೋಟಿ ರೂಪಾಯಿ. 2025ರ ಏಪ್ರಿಲಿನಿಂದ ಆಸ್ತಿ ತೆರಿಗೆಯ ಜೊತೆಗೆ ಕಸ ವಿಲೇವಾರಿ ಶುಲ್ಕ ಸೇರಿಕೊಂಡಿತು. ಮನೆಯ ವಿಸ್ತೀರ್ಣ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಶುಲ್ಕ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಕಸದ ಗಾಡಿ ದಿನ ಬಿಟ್ಟು ದಿನ ಬರುವ ಬೀದಿಗೂ ಇಷ್ಟೇ ಶುಲ್ಕವೇ ಎಂದು ಎದ್ದು ನಿಂತು ಕೇಳಬೇಕಾದ ಸಭೆಯೇ ಆಗ ಇರಲಿಲ್ಲ. ವೈಯಾಲಿಕಾವಲಿಗೆ ಕೂಗಳತೆಯಲ್ಲಿರುವ ಸ್ಯಾಂಕಿ ಕೆರೆಯ ದಂಡೆಯ ರಸ್ತೆಯನ್ನು ಅಗಲಿಸಿ ಮೇಲ್ಸೇತುವೆ ಕಟ್ಟುವ ಯೋಜನೆ ಮುಂದೆ ಬಂದಾಗ ಏನಾಯಿತೆಂಬುದೂ ನೆನಪಿರಬೇಕು. 2023ರ ಆರಂಭದಲ್ಲಿ ಮಲ್ಲೇಶ್ವರ, ಸದಾಶಿವನಗರದ ನಿವಾಸಿಗಳು ಮರಗಳನ್ನು ಉಳಿಸಿ ಎಂದು ಬೀದಿಗಿಳಿದರು. ಪ್ರತಿಭಟಿಸಿದವರ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಪಾಲಿಕೆಯ ಸಭೆಯಲ್ಲಿ ಒಂದು ಮಧ್ಯಾಹ್ನದ ಗದ್ದಲದಲ್ಲಿ ಮುಗಿಯಬಹುದಾಗಿದ್ದ ತಕರಾರು ಠಾಣೆಯ ಮೆಟ್ಟಿಲು ಹತ್ತಿತು. ಬೀದಿಯ ಮಟ್ಟದಲ್ಲಂತೂ ಪಾಡು ಎಲ್ಲರಿಗೂ ಗೊತ್ತಿರುವುದೇ. ಜಲಮಂಡಳಿಯವರು ಪೈಪಿಗೆಂದು ರಸ್ತೆ ಅಗೆಯುತ್ತಾರೆ, ಡಾಂಬರು ಹಾಕಿದ ತಿಂಗಳಿಗೆ ಬೆಸ್ಕಾಂನವರು ಕೇಬಲ್ಲಿಗೆಂದು ಅಗೆಯುತ್ತಾರೆ. ಆ್ಯಪಿನಲ್ಲಿ ದೂರು ಕೊಟ್ಟರೆ ಗುಂಡಿ ಇದ್ದ ಹಾಗೆಯೇ ಇರುತ್ತದೆ, ದೂರು ಮಾತ್ರ ಪರಿಹಾರವಾಗಿದೆ ಎಂಬ ಸಂದೇಶ ಬರುತ್ತದೆ. ವಾರ್ಡ್ ಎಂಜಿನಿಯರ್‌ಗೆ ವರ್ಗಾವಣೆಯ ಭಯವಿರಬಹುದು, ಸೋಲುವ ಭಯವಿಲ್ಲ.

ಹಾಗಾದರೆ ಈ ಶೂನ್ಯದಿಂದ ಯಾರಿಗೆ ಲಾಭ? 198 ವಾರ್ಡುಗಳಿದ್ದಾಗ ನಗರದ 28 ಶಾಸಕರಲ್ಲಿ ಒಬ್ಬೊಬ್ಬರ ಕ್ಷೇತ್ರದಲ್ಲಿ ಸರಾಸರಿ ಏಳು ಕಾರ್ಪೊರೇಟರುಗಳಿದ್ದರು. ಅವರಲ್ಲಿ ಕೆಲವರು ಶಾಸಕರ ಶಿಷ್ಯರು, ಕೆಲವರು ಎದುರಾಳಿ ಪಕ್ಷದವರು, ಕೆಲವರು ಮುಂದಿನ ಸಲ ಶಾಸಕರ ಟಿಕೆಟ್ಟಿಗೇ ಕಣ್ಣಿಟ್ಟವರು. ಪಾಲಿಕೆ ಇಲ್ಲದಿದ್ದಾಗ ಏಳು ಜನರ ಅನುದಾನ, ಕಾಮಗಾರಿ, ಶಿಫಾರಸು ಎಲ್ಲವೂ ಒಬ್ಬರ ಕಚೇರಿಗೆ ಬಂದು ಸೇರುತ್ತವೆ. ಶಾಸಕರ ಮಾತು ನಡೆಯುವುದು ಪಾಲಿಕೆ ಇದ್ದಾಗಲೂ ಕಡಿಮೆಯೇನಲ್ಲ. 2015ರ ಚುನಾವಣೆಯಲ್ಲಿ ಬಿಜೆಪಿ 198ರಲ್ಲಿ 100 ಸ್ಥಾನ ಗೆದ್ದಿತ್ತು, ಕಾಂಗ್ರೆಸ್ 76, ಜೆಡಿಎಸ್ 14. ಆದರೆ ಮೇಯರ್ ಆದದ್ದು ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ. ಮೇಯರ್ ಚುನಾವಣೆಯಲ್ಲಿ ಶಾಸಕರು, ವಿಧಾನ ಪರಿಷತ್ ಸದಸ್ಯರು, ಸಂಸದರೂ ಮತ ಹಾಕುತ್ತಿದ್ದರು ಎಂಬುದೇ ಅದಕ್ಕೆ ಮುಖ್ಯ ಕಾರಣ. ಹೊಸ ಕಾಯ್ದೆಯಲ್ಲಿ ಐದೂ ಪಾಲಿಕೆಗಳ ಮೇಲೆ ಕೂರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಚುನಾವಣೆ ತಡವಾದರೆ ಅಧಿಕಾರ ಯಾರ ಕೈಯಲ್ಲಿ ಉಳಿಯುತ್ತದೋ, ಚುನಾವಣೆಗೆ ಬೇಕಾದ ನಕ್ಷೆಯನ್ನೂ ಅವರೇ ಬರೆಯಬೇಕು ಎಂಬುದು ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವ ಕೆಲಸವನ್ನು ಬೆಕ್ಕಿಗೇ ವಹಿಸಿದಂತೆ.

ಕೊರೊನಾ ಕಾಲದಲ್ಲಿ ಚುನಾವಣೆ ನಡೆಸಲು ಸಾಧ್ಯವಿತ್ತೇ ಎಂಬ ಆಕ್ಷೇಪಕ್ಕೆ ಉತ್ತರವು ಕರ್ನಾಟಕದ ಹಳ್ಳಿಗಳಲ್ಲೇ ಇದೆ. 2020ರ ಡಿಸೆಂಬರ್ 22 ಮತ್ತು 27ರಂದು, ಅಂದರೆ ಬೆಂಗಳೂರಿನ ಚುನಾವಣೆಗೆ ತಡೆಯಾಜ್ಞೆ ಬಂದ ಅದೇ ತಿಂಗಳಲ್ಲಿ, ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ ಇದೇ ಆಯೋಗ ಮತದಾನ ನಡೆಸಿತು. ಗಡಿಯ ಆಚೆಗೆ ನೋಡಿದರೆ ಇನ್ನೂ ಒಳ್ಳೆಯ ಸಾಕ್ಷ್ಯ ಸಿಗುತ್ತದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆಯ ಕನ್ನಡಿಗರು 2020ರ ಡಿಸೆಂಬರ್ 14ರಂದು ತಮ್ಮ ಪಂಚಾಯಿತಿಗಳಿಗೆ ಮತ ಹಾಕಿದರು. ಐದು ವರ್ಷ ತುಂಬುತ್ತಿದ್ದಂತೆ 2025ರ ಡಿಸೆಂಬರ್ 11ರಂದು ಮತ್ತೆ ಹಾಕಿದರು. ಈ ಎರಡು ಚುನಾವಣೆಗಳ ನಡುವೆ ಕೇರಳದಲ್ಲೂ ವಾರ್ಡ್ ಮರುವಿಂಗಡಣೆ ನಡೆಯಿತು, ವಾರ್ಡುಗಳ ಸಂಖ್ಯೆ ಹೆಚ್ಚಿತು, ಆಕ್ಷೇಪಣೆಗಳೂ ಬಂದವು. ಆದರೂ ದಿನಾಂಕ ಜಾರಲಿಲ್ಲ. ಕೇರಳದಲ್ಲಿ ಮರುವಿಂಗಡಣಾ ಆಯೋಗದ ಅಧ್ಯಕ್ಷ ರಾಜ್ಯ ಚುನಾವಣಾ ಆಯುಕ್ತರೇ. ಚುನಾವಣೆ ನಡೆಸಬೇಕಾದವರೇ ಗೆರೆ ಎಳೆಯುವಾಗ ಗಡುವಿನ ಚಿಂತೆ ಅವರಿಗೇ ಇರುತ್ತದೆ. ಮಂಜೇಶ್ವರದ ಕನ್ನಡಿಗನಿಗೆ ಸಿಕ್ಕ ಮತದ ಅವಕಾಶ ಮಲ್ಲೇಶ್ವರದ ಕನ್ನಡಿಗನಿಗೆ ಸಿಗದೆ ಹೋದದ್ದಕ್ಕೆ ಕಾರಣ ಈ ಒಂದು ವ್ಯತ್ಯಾಸದಲ್ಲಿದೆ.

ದೂರದ ಇಂಗ್ಲೆಂಡಿನ ಉದಾಹರಣೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಹಳ್ಳಿಗಾಡಿನ ಜಿಲ್ಲಾ ಮಂಡಳಿಗಳ ಚುನಾವಣೆ ಮೇ ತಿಂಗಳ ಮೊದಲ ಗುರುವಾರ ಎಂದು ಕಾನೂನಿನಲ್ಲೇ ಬರೆದಿದೆ. ಒಬ್ಬ ಸದಸ್ಯ ಕೆಲವೇ ಸಾವಿರ ಮತದಾರರನ್ನು ಪ್ರತಿನಿಧಿಸುತ್ತಾನೆ. ಬಸ್ಸಿನ ವೇಳೆ, ಹೊಸ ಮನೆಗಳ ಪರವಾನಗಿ, ಕಸದ ಬುಟ್ಟಿ ಇವೇ ಚರ್ಚೆಯ ವಿಷಯಗಳು. ವಾರ್ಡಿನ ಎಲ್ಲೆಯನ್ನು ಪರಿಶೀಲಿಸಲು ಸರ್ಕಾರದಿಂದ ಹೊರಗಿರುವ ಸ್ವತಂತ್ರ ಆಯೋಗವಿದೆ. ಹೊಸ ಎಲ್ಲೆ ಸಿದ್ಧವಾದರೆ ಅದು ಮುಂದಿನ ನಿಗದಿತ ಚುನಾವಣೆಗೆ ಅನ್ವಯಿಸುತ್ತದೆ, ಎಲ್ಲೆಗಾಗಿ ಚುನಾವಣೆ ಕಾಯುವುದಿಲ್ಲ. ಹಾಗೆಂದು ಅಲ್ಲಿ ಮುಂದೂಡಿಕೆಯೇ ಇಲ್ಲವೆಂದಲ್ಲ. ಕೊರೊನಾದಿಂದಾಗಿ 2020ರ ಚುನಾವಣೆ 2021ರ ಮೇ ತಿಂಗಳಿಗೆ ಹೋಯಿತು. 2025ರಲ್ಲಿ ಸ್ಥಳೀಯ ಆಡಳಿತದ ಪುನರ್ರಚನೆಯ ಕಾರಣಕ್ಕೆ ನಾರ್ಫೋಕ್, ಸಫೋಕ್, ಎಸೆಕ್ಸ್ ಸೇರಿ ಒಂಬತ್ತು ಮಂಡಳಿಗಳ ಚುನಾವಣೆಯನ್ನು ಸರ್ಕಾರ ಒಂದು ವರ್ಷ ಮುಂದಕ್ಕೆ ಹಾಕಿತು. ಅದನ್ನು ಅಲ್ಲಿನ ಜನ ಕಟುವಾಗಿಯೇ ಟೀಕಿಸಿದರು. ಆದರೆ ಎರಡೂ ಸಲ ಮುಂದೂಡಿದ್ದು ಹೊಸ ದಿನಾಂಕವನ್ನು ಹೇಳಿ. ನಮ್ಮಲ್ಲಿ 2020ರಲ್ಲಿ ಪಾಲಿಕೆಯ ಅವಧಿ ಮುಗಿದಾಗ ಸರ್ಕಾರ ಚುನಾವಣೆಯನ್ನು ಮುಂದೂಡುತ್ತಿದ್ದೇನೆ ಎಂದು ಹೇಳಲೂ ಇಲ್ಲ, ಯಾವಾಗ ನಡೆಸುತ್ತೇನೆಂದು ತಿಳಿಸಲೂ ಇಲ್ಲ. ಬರೀ ನಡೆಸಲಿಲ್ಲ.

ಇನ್ನು ಗಟ್ಟಿಯಾದ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಮರುವಿಂಗಡಣೆ ನಿಜಕ್ಕೂ ಬೇಕಿತ್ತು ಎಂಬುದು. ಒಪ್ಪಬೇಕಾದ ಮಾತು. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. 198 ವಾರ್ಡುಗಳಿಗೆ ಹಂಚಿದರೆ ವಾರ್ಡಿಗೆ 42 ಸಾವಿರದ ಮೇಲೆ. ಮಲ್ಲೇಶ್ವರ, ಬಸವನಗುಡಿಯಂಥ ಹಳೆಯ ಬಡಾವಣೆಗಳಿಗಿಂತ ಹೊರವಲಯದ ವಾರ್ಡುಗಳು ಎಷ್ಟೋ ಪಟ್ಟು ಬೇಗ ತುಂಬಿದವು. ಅಲ್ಲಿನವರ ಮತದ ತೂಕ ಕಡಿಮೆಯಾಗಬಾರದು. 369 ವಾರ್ಡುಗಳಾದರೆ ಅದೇ ಲೆಕ್ಕದಲ್ಲಿ ವಾರ್ಡಿಗೆ 23 ಸಾವಿರದಷ್ಟು, ಜನಕ್ಕೆ ಪ್ರತಿನಿಧಿ ಹತ್ತಿರವಾಗುತ್ತಾನೆ. ಆದರೆ ನಗರ ಹೀಗೆ ಬೆಳೆದದ್ದು ರಾತ್ರೋರಾತ್ರಿಯಲ್ಲ. 2011ರ ಜನಗಣತಿಯ ಅಂಕಿಗಳು 2020ಕ್ಕೆ ಎಷ್ಟೋ ವರ್ಷ ಮೊದಲೇ ಕೈಯಲ್ಲಿದ್ದವು. ನ್ಯಾಯದ ಕಾಳಜಿಯೇ ಇದ್ದಿದ್ದರೆ ಅವಧಿ ಮುಗಿಯುವ ಎರಡು ವರ್ಷ ಮುಂಚೆ ಕೆಲಸ ಶುರುವಾಗಬೇಕಿತ್ತು. ಅವಧಿ ಮುಗಿದ ಮೇಲೆ ನ್ಯಾಯ ನೆನಪಾದರೆ ಅದನ್ನು ಕುಂಟುನೆಪ ಎನ್ನದೆ ವಿಧಿಯಿಲ್ಲ. ಅಸಮಾನ ವಾರ್ಡುಗಳ ಚುನಾವಣೆಯಲ್ಲಿ ಕೆಲವರ ಮತಕ್ಕೆ ತೂಕ ಕಡಿಮೆ. ಚುನಾವಣೆಯೇ ಇಲ್ಲದಿದ್ದರೆ ಎಲ್ಲರ ಮತದ ತೂಕವೂ ಸೊನ್ನೆ.

ಎರಡನೆಯ ಆಕ್ಷೇಪ ಮೀಸಲಾತಿಯದು. ಹಿಂದುಳಿದ ವರ್ಗಗಳ ಮೀಸಲಾತಿಗೆ ಆಯೋಗದ ಅಧ್ಯಯನ, ಸಂಸ್ಥೆವಾರು ಪ್ರಮಾಣ ನಿಗದಿ, ಒಟ್ಟು ಶೇ 50ರ ಮಿತಿ ಎಂಬ ಮೂರು ಷರತ್ತುಗಳನ್ನು ಸುಪ್ರೀಂ ಕೋರ್ಟೇ ವಿಧಿಸಿದಾಗ ಸರ್ಕಾರ ಏನು ಮಾಡಬೇಕಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಿಂದುಳಿದವರ ಪಾಲನ್ನು ಬಿಟ್ಟು ಚುನಾವಣೆ ನಡೆಸಿ ಎಂದು ಹಗುರವಾಗಿ ಹೇಳಲಾಗದು. ಆದರೆ ಈ ಷರತ್ತುಗಳ ಬೀಜ 2010ರ ಕೆ. ಕೃಷ್ಣಮೂರ್ತಿ ತೀರ್ಪಿನಲ್ಲಿತ್ತು, 2021ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಅದು ಸ್ಪಷ್ಟ ರೂಪ ಪಡೆಯಿತು. ಈ ಅಧ್ಯಯನಕ್ಕೆಂದು ರಚಿಸಿದ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗದ ವರದಿ ಕೈಗೆ ಬಂದದ್ದು 2022ರ ಜುಲೈನಲ್ಲಿ. ಚುನಾವಣೆ ನಡೆಯದ ಅಷ್ಟೂ ವರ್ಷ ಹಿಂದುಳಿದ ವರ್ಗದ, ಪರಿಶಿಷ್ಟ ಜಾತಿಯ ಒಬ್ಬ ಸದಸ್ಯನೂ ಪಾಲಿಕೆಯಲ್ಲಿ ಇರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅರ್ಧದಷ್ಟು ಸ್ಥಾನ ಪಡೆಯಬೇಕಿದ್ದ ಹೆಣ್ಣುಮಕ್ಕಳಿಗೂ ಅದೇ ಗತಿ. ಮೀಸಲಾತಿಯ ಹೆಸರಿನಲ್ಲಿ ನಡೆದ ವಿಳಂಬದಲ್ಲಿ ಮೊದಲು ಸೋತವರು ಮೀಸಲಾತಿ ಯಾರಿಗಾಗಿ ಇದೆಯೋ ಅವರೇ.

ಮೂರನೆಯದು ಮಲ್ಲೇಶ್ವರದ ಕಾಫಿ ಹೋಟೆಲುಗಳಲ್ಲೂ ಬಸವನಗುಡಿಯ ಪಾರ್ಕು ಬೆಂಚುಗಳಲ್ಲೂ ಕೇಳಿಬರುವ ಮಾತು: ಕಾರ್ಪೊರೇಟರುಗಳೆಲ್ಲ ಕಂಟ್ರಾಕ್ಟರುಗಳು, ಅವರಿಲ್ಲದಿದ್ದರೇ ವಾಸಿ, ಐಎಎಸ್ ಅಧಿಕಾರಿ ನೋಡಿಕೊಳ್ಳಲಿ. ಪಾಲಿಕೆಯ ಬಿಲ್ಲುಗಳ ಚರಿತ್ರೆ ಗೊತ್ತಿದ್ದವರು ಈ ಸಿಟ್ಟನ್ನು ತಳ್ಳಿಹಾಕಲಾರರು. ಆದರೆ ಕಾರ್ಪೊರೇಟರುಗಳಿಲ್ಲದ ಐದು ವರ್ಷಗಳಲ್ಲಿ ರಸ್ತೆಗುಂಡಿಗಳ ಬಗ್ಗೆ ಹೈಕೋರ್ಟ್ ಛೀಮಾರಿ ಹಾಕುವುದು ನಿಂತಿತೇ? ಕಾಮಗಾರಿಗಳಲ್ಲಿ ಕಮಿಷನ್ ಎಂಬ ಆರೋಪಗಳು ಕಡಿಮೆಯಾದವೇ? ಎರಡೂ ಆಗಲಿಲ್ಲ. ಭ್ರಷ್ಟ ಕಾರ್ಪೊರೇಟರನ್ನು ಐದು ವರ್ಷಕ್ಕೊಮ್ಮೆಯಾದರೂ ಮನೆಗೆ ಕಳಿಸಬಹುದು, ಆಡಳಿತಾಧಿಕಾರಿಯನ್ನು ಕಳಿಸುವುದು ಸರ್ಕಾರದ ಇಚ್ಛೆ. ಇದೇ ಸಾಲಿಗೆ ಸೇರುವ ಇನ್ನೊಂದು ಮಾತು, ಬೆಂಗಳೂರಿನವರು ಮತ ಹಾಕುವುದೇ ಇಲ್ಲವಲ್ಲ ಎಂಬುದು. 2010ರಲ್ಲೂ 2015ರಲ್ಲೂ ಅರ್ಧದಷ್ಟು ಮತದಾರರು ಮತಗಟ್ಟೆಗೆ ಬರಲಿಲ್ಲ ಎಂಬುದು ನಾಚಿಕೆಯ ವಿಷಯವೇ. ಆದರೆ ಯಾವಾಗ ಬರುತ್ತದೋ ಗೊತ್ತಿಲ್ಲದ, ಬರುವ ಹೊತ್ತಿಗೆ ತಮ್ಮ ವಾರ್ಡಿನ ಹೆಸರೇ ಬದಲಾಗಿರುವ ಚುನಾವಣೆಯ ಬಗ್ಗೆ ಜನರಿಗೆ ಆಸಕ್ತಿ ಹುಟ್ಟುವುದಾದರೂ ಹೇಗೆ? ಹೊಸ ವ್ಯವಸ್ಥೆಯಲ್ಲಿ ಮಲ್ಲೇಶ್ವರ ಪಶ್ಚಿಮ ಪಾಲಿಕೆಗೆ, ಚಾಮರಾಜಪೇಟೆ ಕೇಂದ್ರ ಪಾಲಿಕೆಗೆ ಸೇರಿದೆ. ಇದು ತಮ್ಮ ತೆರಿಗೆ, ತಮ್ಮ ಕಸ, ತಮ್ಮ ನೀರಿನ ಮೇಲೆ ಏನು ಪರಿಣಾಮ ಬೀರುತ್ತದೆಂದು ತಿಳಿದುಕೊಳ್ಳಲು ಜನಕ್ಕೂ ಕಾಲ ಬೇಕು, ಕಣದಲ್ಲಿ ವಾದ ಬೇಕು.

ಇದು ಬೆಂಗಳೂರಿನ ಗೋಳು ಮಾತ್ರವಲ್ಲ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ, ಕರಡು ಮೀಸಲಾತಿ ಪಟ್ಟಿಯನ್ನೂ ಪ್ರಕಟಿಸಿತ್ತು. ಆಗ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು ಆ ಅಧಿಕಾರವನ್ನೇ ಆಯೋಗದಿಂದ ಕಿತ್ತುಕೊಂಡು ಬೇರೊಂದು ಆಯೋಗ ರಚಿಸಿತು. 2025 ಮುಗಿದರೂ ಜಿಲ್ಲಾ ಪಂಚಾಯಿತಿಗಳಿಗೆ ಚುನಾವಣೆ ನಡೆದಿರಲಿಲ್ಲ. ಗೆರೆ ಎಳೆಯುವ ಕೈಗೂ ಚುನಾವಣೆಯ ದಿನಾಂಕಕ್ಕೂ ಇರುವ ನಂಟಿಗೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ರೂಪುಗೊಂಡ 1983ರ ಪಂಚಾಯಿತಿ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ ದೇಶಕ್ಕೆ ಮಾದರಿ ಎನಿಸಿಕೊಂಡ ರಾಜ್ಯದ ಸ್ಥಿತಿ ಇದು.

ಹಾಗಾಗಿ ಐದು ಪಾಲಿಕೆಗಳ ಚುನಾವಣೆ ನಡೆದರೆ ಸಮಸ್ಯೆ ಮುಗಿಯಿತು ಎಂದುಕೊಳ್ಳಬೇಕಾಗಿಲ್ಲ. ಈಗಿರುವ ಕಾನೂನೇ ಉಳಿದರೆ ಐದು ವರ್ಷದ ಬಳಿಕ ಇನ್ನೊಂದು ಸರ್ಕಾರ ಇನ್ನೊಂದು ನಕ್ಷೆ ತೆಗೆಯುತ್ತದೆ. ಆಗಬೇಕಾದದ್ದು ಮೂರು ಸರಳ ತಿದ್ದುಪಡಿ. ವಾರ್ಡ್ ಮರುವಿಂಗಡಣೆ ಮತ್ತು ಮೀಸಲಾತಿ ಸರದಿಯ ಕೆಲಸ, ಕೇರಳದಂತೆ, ರಾಜ್ಯ ಚುನಾವಣಾ ಆಯುಕ್ತರ ನೇತೃತ್ವಕ್ಕೆ ಹೋಗಬೇಕು. ಅವಧಿ ಮುಗಿಯಲು ಒಂದು ವರ್ಷವಿರುವಾಗ ಇರುವ ನಕ್ಷೆಯೇ ಅಂತಿಮ, ಆಮೇಲಿನ ಬದಲಾವಣೆ ಅದರ ಮುಂದಿನ ಚುನಾವಣೆಗೆ ಎಂಬ ನಿಯಮ ಬರಬೇಕು. ಮತದಾನದ ತಿಂಗಳು ಕಾಯ್ದೆಯಲ್ಲೇ ಅಚ್ಚಾಗಬೇಕು. ಇವು ಯಾವುವೂ ಪಾಲಿಕೆಯ ಸಭೆಯಲ್ಲಿ ಆಗುವಂಥದ್ದಲ್ಲ, ವಿಧಾನಸಭೆಯಲ್ಲೇ ಆಗಬೇಕು. ಅದಕ್ಕೆ ಪ್ರಶ್ನೆಯನ್ನು ಕಾರ್ಪೊರೇಟರ್ ಅಭ್ಯರ್ಥಿಗಿಂತ ಮೊದಲು ಶಾಸಕರಿಗೆ ಹಾಕಬೇಕು. ರಸ್ತೆ, ಚರಂಡಿ, ಪಾರ್ಕಿನ ಭರವಸೆ ಹೊತ್ತು ಮುಂದಿನ ಸಲ ವೈಯಾಲಿಕಾವಲಿನ ಬೀದಿಗಳಿಗೆ ಬರುವವರನ್ನು, ಈ ತಿದ್ದುಪಡಿಗೆ ನಿಮ್ಮ ಮತ ಉಂಟೋ ಇಲ್ಲವೋ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.